ಗಂಜಿತೊಟ್ಟಿಯ ನೆಟ್ಟನೆ ಗೆರೆ

ನಮ್ಮ ಪಕ್ಕದ ಮನೆಯವರಿಗೆ ಡಾಕ್ಟರು ಎಂಬ ಹೆಸರು ಕೊಟ್ಟದ್ದು ಯಾವ ಕಾಲೇಜೂ ಅಲ್ಲ, ಅವರ ಕಾರ್ಖಾನೆಯ ಫಿಟ್ಟರುಗಳು. ಜೋಳವನ್ನು ನೆನೆಹಾಕಿ, ಅರೆದು, ಗಂಜಿಪುಡಿ ತೆಗೆಯುವ ಕಾರ್ಖಾನೆ ಅದು. ಅಲ್ಲಿಯ ಪಂಪುಮನೆಯಲ್ಲಿ ಅವರು ಮೀಸೆ ಚಿಗುರುವ ವಯಸ್ಸಿನಿಂದಲೂ ಕೆಲಸಕ್ಕಿದ್ದರು. ಯಾವುದಾದರೂ ಪಂಪಿನ ಮೇಲೆ ಅನುಮಾನ ಬಂದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಎಡಗಡೆ ಬೇರಿಂಗು ಸೊರಗಿದೆ, ಬಿಚ್ಚಿ," ಎನ್ನುತ್ತಿದ್ದರು. ಬಿಚ್ಚಿದರೆ ಎಡಗಡೆಯದೇ ಸೊರಗಿರುತ್ತಿತ್ತು.

ನಾನು ಶಾಲೆಯ ಕೆಲಸದಿಂದ ನಿವೃತ್ತನಾದ ಮೇಲೆ, ಅವರು ಸಂಜೆ ಮನೆಗೆ ಬಂದು ನಮ್ಮೆರಡು ಮನೆಗಳ ನಡುವಿನ ಗಿಡ್ಡ ಗೋಡೆಗೆ ಮೊಣಕೈ ಊರಿ ನಿಲ್ಲುವುದು ವಾಡಿಕೆಯಾಯಿತು. ಕೈಗೆ ಗಂಜಿಯ ಹುಳಿವಾಸನೆ ಅಂಟಿಕೊಂಡಿರುತ್ತಿತ್ತು. ನಮ್ಮ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುಗುಂಡು ಇದೆ; ನೀರು ತುಂಬಿದೊಡನೆ ಗುಂಡು ಮೇಲೇರಿ ನಲ್ಲಿ ಮುಚ್ಚುತ್ತದೆ. ಅವರ ತೊಟ್ಟಿಗೆ ಅದಿರಲಿಲ್ಲ. "ನಮಗ್ಯಾಕೆ ಮೇಷ್ಟ್ರೇ? ತೊಟ್ಟಿ ತುಂಬೋ ಸದ್ದು ನನಗೆ ನಿದ್ದೆಯಲ್ಲೂ ಕೇಳಿಸುತ್ತೆ," ಎಂದು ಹೆಮ್ಮೆಪಡುತ್ತಿದ್ದರು. ಆ ಮಾತನ್ನು ಆಡುವುದನ್ನು ಅವರು ಯಾವಾಗ ನಿಲ್ಲಿಸಿದರೋ ನಾನು ಗಮನಿಸಲಿಲ್ಲ. ಮೋಟಾರು ಹಾಕಿದಾಗ ಅವರ ಹೆಂಡತಿ ಅಂಗಳಕ್ಕೆ ಬಂದು ಕತ್ತೆತ್ತಿ ಕಾಯತೊಡಗಿದ್ದನ್ನು ಮಾತ್ರ ಕಂಡಿದ್ದೆ.

ಸಂಗತಿಯನ್ನು ಕೊನೆಗೆ ಅವರೇ ಹೇಳಿದರು. ಒಂದು ದಿನ ಪಂಪುಮನೆಯಲ್ಲಿ ಒಂದು ಬೇರಿಂಗು ಬಾಗಿಲ ಹೊರಗಿದ್ದವರಿಗೂ ಕೇಳುವಂತೆ ಕಿರುಚುತ್ತಿತ್ತಂತೆ. ಇವರು ಸ್ಕ್ರೂಡ್ರೈವರನ್ನು ಊರಿ, ಬಹಳ ಹೊತ್ತು ಕೇಳಿ, "ಆರಾಮಾಗಿದೆ," ಎಂದುಬಿಟ್ಟರು. ಫಿಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಡಾಕ್ಟ್ರೇ, ಹೆಣಕ್ಕೆ ಟಾನಿಕ್ಕು ಬರ್ಕೊಡ್ತಿದೀರಾ?" ಇವರೂ ತಮಾಷೆ ಮಾಡಿದವರಂತೆ ನಕ್ಕರು. ಆ ವಾರವೇ ಗುರುತಿನವರಿಲ್ಲದ ಬೇರೆ ಊರಿಗೆ ಹೋಗಿ ಕಿವಿಯ ವೈದ್ಯರಿಗೆ ತೋರಿಸಿಕೊಂಡು ಬಂದರು. ಯಂತ್ರದ ಗದ್ದಲಕ್ಕೆ ಕಿವಿಯ ನರ ಸೋತಿದೆ, ಮರಳಿ ಬರುವುದಿಲ್ಲ, ಕೀರಲು, ತೆಳ್ಳನೆ ದನಿಗಳು ಮೊದಲು ಹೋಗುತ್ತವೆ ಎಂದರಂತೆ ಅವರು. ಕಿವಿಗೆ ಇಟ್ಟುಕೊಳ್ಳುವ ಯಂತ್ರವನ್ನೂ ಕೊಟ್ಟರು. ಅದು ಮನೆಯಲ್ಲಿ ಸ್ವಲ್ಪ ಉಪಯೋಗಕ್ಕೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಇಟ್ಟುಕೊಂಡರೆ ಎಲ್ಲ ಗದ್ದಲವನ್ನೂ ಒಟ್ಟಿಗೆ ತಲೆಯೊಳಗೆ ಸುರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನೋಡಿದವರಿಗೆಲ್ಲ ಗುಟ್ಟು ಗೊತ್ತಾಗುತ್ತಿತ್ತು. ಆದುದರಿಂದ ಅದು ಕನ್ನಡಕದ ಡಬ್ಬಿಯಲ್ಲಿಯೇ ಉಳಿಯಿತು.

"ಕಿವುಡ ಅಂತ ತಿಳಿದ ದಿನ ಗೇಟಿನ ಹೊರಗೆ," ಎಂದರು. "ಈ ವಯಸ್ಸಿನಲ್ಲಿ ಹೊಸದಾಗಿ ಕಿವುಡನನ್ನ ಯಾರು ಕೆಲಸಕ್ಕೆ ತಗೋತಾರೆ, ಹೇಳಿ." ಆ ಮನೆ ನಡೆಯುತ್ತಿದ್ದುದು ಅವರೊಬ್ಬರ ದುಡಿಮೆಯಿಂದ.

ಹೀಗಿರುವಾಗ ಕಾರ್ಖಾನೆಯವರು ಹಳೆಯ ಪಂಪುಮನೆಗೆ ಹೊಸ ಉಪಕರಣಗಳನ್ನು ಕೂರಿಸಲು ಹೊರಟರು. ತೊಟ್ಟಿಯ ಮಟ್ಟ, ಕೊಳವೆಯ ಒತ್ತಡ, ನೀರಿನ ಬಿಸಿ ಎಲ್ಲವನ್ನೂ ಉಪಕರಣಗಳೇ ಅಳೆದು ತಂತಿಯ ಮೂಲಕ ಕಂಟ್ರೋಲ್ ರೂಮಿಗೆ ಕಳಿಸುತ್ತವೆ. ಅಲ್ಲಿಂದ ಬಂದ ಅಪ್ಪಣೆಯಂತೆ ವಾಲ್ವುಗಳು ತಾವೇ ತೆರೆದು ಮುಚ್ಚಿಕೊಳ್ಳುತ್ತವೆ. ಕೈಯಲ್ಲಿ ಚಕ್ರ ತಿರುಗಿಸುವವರು ಇನ್ನು ಬೇಕಿಲ್ಲ. ತರಬೇತಿ ಕೊಡುತ್ತೇವೆ, ತೇರ್ಗಡೆಯಾದವರಿಗೆ ಕಂಟ್ರೋಲ್ ರೂಮಿನಲ್ಲಿ ಕುರ್ಚಿ, ಉಳಿದವರಿಗೆ ಜಾಗವಿಲ್ಲ ಎಂದರು. ಬೇರೆ ಕೆಲಸಗಾರರಿಗೆಲ್ಲ ಅದು ಸಿಡಿಲು ಬಡಿದಂತಾಯಿತು. ನಮ್ಮ ಡಾಕ್ಟರ ಮುಖದಲ್ಲಿ ಮಾತ್ರ ಅಂದು ನಾನು ಆಸೆ ಕಂಡೆ.

"ಅಲ್ಲಿ ಕಿವಿ ಬೇಡ ಮೇಷ್ಟ್ರೇ. ಎಲ್ಲಾ ಪರದೆ ಮೇಲೆ ಕಣ್ಣಿಗೇ ಕಾಣುತ್ತೆ. ನಾನು ಪಾಸಾಗ್ಲೇಬೇಕು. ನೀವು ಕಲಿಸ್ಬೇಕು."

"ನನಗೆ ಗೊತ್ತಿರೋದು ವ್ಯಾಕರಣ, ಡಾಕ್ಟ್ರೇ," ಎಂದೆ.

"ಹಾಗಾದ್ರೆ ಇಬ್ರೂ ಒಂದೇ ಬೆಂಚು."

ತರಬೇತಿಯ ಅಧಿಕಾರಿ ಒಳ್ಳೆಯವರು, ವಿಷಯ ಬಲ್ಲವರು. ಆದರೆ ಅವರದೊಂದು ಅಭ್ಯಾಸವಿತ್ತು. ಬೋರ್ಡಿನ ಮೇಲೆ ಚಿತ್ರ ಬರೆಯುತ್ತ, ಬೋರ್ಡಿನ ಕಡೆಗೇ ಮುಖ ಮಾಡಿ ಮಾತಾಡುತ್ತಿದ್ದರು. ತುಟಿ ನೋಡಿ ಅರ್ಥಮಾಡಿಕೊಳ್ಳುವ ಡಾಕ್ಟರಿಗೆ ದಿನವಿಡೀ ಕಾಣುತ್ತಿದ್ದುದು ಅವರ ಬೆನ್ನು. ಪಕ್ಕದಲ್ಲಿ ಕೂರುತ್ತಿದ್ದವಳು ನೀರಿನ ಪಂಪು ನೋಡಿಕೊಳ್ಳುತ್ತಿದ್ದ ಹೆಂಗಸು. ಎಲ್ಲರ ಬಾಯಲ್ಲಿ ಪಂಪಕ್ಕ. ತೆಳ್ಳನೆ ದನಿಯವಳು. ಅವಳು ಏನಾದರೂ ಕೇಳಿದರೆ ಇವರು ಸುಮ್ಮನೆ ಮುಂದೆ ನೋಡುತ್ತಿದ್ದರು. "ಡಾಕ್ಟ್ರಿಗೆ ಈಗ್ಲೇ ಕಂಟ್ರೋಲ್ ರೂಮಿನ ಜಂಭ ಬಂದಿದೆ," ಎಂದು ಅವಳು ಕ್ಯಾಂಟೀನಿನಲ್ಲಿ ಆಡಿಕೊಂಡದ್ದು ಸುತ್ತಿ ಬಳಸಿ ಇವರ ಹೆಂಡತಿಯ ಕಿವಿಗೆ ಬಿತ್ತು. "ಜಂಭ ಅಂತಲೇ ಅಂದ್ಕೊಳ್ಲಿ ಬಿಡು. ಅದೇ ವಾಸಿ," ಎಂದರಂತೆ ಇವರು.

ಹೀಗೆ ತರಗತಿಯಲ್ಲಿ ಕೇಳಿಸದ ಪಾಠ ನಮ್ಮ ಗೋಡೆಯ ಬಳಿ ನಡೆಯಿತು. ತರಬೇತಿಯ ಪುಸ್ತಕದ ಭಾಷೆ ಕಬ್ಬಿಣದ ಕಡಲೆಯಂತಿತ್ತು. ನಾನು ಹಗಲು ಓದಿ ಅಗಿದುಕೊಂಡು, ಸಂಜೆ ಅವರ ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದೆ. ಮೊದಲ ಪಾಠಕ್ಕೆ ನಮ್ಮ ತೇಲುಗುಂಡೇ ಸಾಕಾಯಿತು. ಅಳೆಯುವುದು, ಇರಬೇಕಾದ ಮಟ್ಟಕ್ಕೆ ಹೋಲಿಸುವುದು, ಕೈಯಾಡಿಸುವುದು, ಮೂರೂ ಅದರಲ್ಲಿವೆ. ಕಾರ್ಖಾನೆಯಲ್ಲಿ ಅಳೆಯುವುದು ಟ್ರಾನ್ಸ್‌ಮಿಟರು, ಹೋಲಿಸುವುದು ಕಂಟ್ರೋಲರು, ಕೈಯಾಡಿಸುವುದು ವಾಲ್ವು; ಗುಂಡಿನ ಸಂಸಾರ ಅಲ್ಲಿ ಮೂರು ಮನೆಯಾಗಿದೆ ಅಷ್ಟೆ.

ಎರಡನೆಯ ಪಾಠ ಅವರ ಬಚ್ಚಲಿನಲ್ಲಾಯಿತು. ಅಲ್ಲಿ ಬಿಸಿನೀರು ಉದ್ದನೆಯ ಕೊಳವೆಯಲ್ಲಿ ತಡವಾಗಿ ಬರುತ್ತದೆ. ಅದು ಬರಲಿಲ್ಲವೆಂದು ಇವರು ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸುವರು, ಬಂದಾಗ ಮೈ ಸುಟ್ಟುಕೊಂಡು ಪೂರ್ತಿ ಮುಚ್ಚುವರು, ಆಮೇಲೆ ನಡುಗುವರು. "ಇಷ್ಟು ವರ್ಷ ಕಾರ್ಖಾನೆ ನೀರೆಲ್ಲ ಕಾಯ್ದೋರು, ಒಂದು ಬಕೀಟು ನೀರು ಬೆರೆಸ್ಕೊಳ್ಳೋಕೆ ಒಳಗೆ ಕುಣೀತಾರೆ," ಎಂದು ಹೆಂಡತಿ ಹೊರಗಿನಿಂದ ಹಂಗಿಸಿದರು. ತಿರುಗಿಸಿದ್ದರ ಫಲ ತಡವಾಗಿ ಬರುವ ಕಡೆ ಅವಸರ ಪಟ್ಟರೆ ಮಟ್ಟ ಹೀಗೆಯೇ ಮೇಲಕ್ಕೂ ಕೆಳಕ್ಕೂ ತೂಗಾಡುತ್ತದೆ, ಸ್ವಲ್ಪ ತಿರುಗಿಸಿ ಕಾಯಬೇಕು ಎಂದು ನಾನು ಪುಸ್ತಕದ ಮಾತು ಹೇಳಿದೆ. "ಕಾಯೋಕೆ ಧೈರ್ಯ ಬೇಕು ಮೇಷ್ಟ್ರೇ," ಎಂದರು. "ಪುಸ್ತಕ ಬರ್ದೋನಿಗೆ ಕೆಲಸ ಹೋಗೋ ಭಯ ಇರ್ಲಿಲ್ಲ."

ಅವರನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಒಂದು ಸಣ್ಣ ಲೆಕ್ಕ. ತೊಟ್ಟಿಯ ಮಟ್ಟವನ್ನು ಟ್ರಾನ್ಸ್‌ಮಿಟರು ತಂತಿಯಲ್ಲಿ ವಿದ್ಯುತ್ತಾಗಿ ಕಳಿಸುತ್ತದೆ. ತುಂಬಿದ ತೊಟ್ಟಿಗೆ ಇಪ್ಪತ್ತು ಮಿಲಿಆಂಪು. ಖಾಲಿ ತೊಟ್ಟಿಗೆ ನಾಲ್ಕು.

"ಖಾಲಿ ಅಂದ್ರೆ ಸೊನ್ನೆ ಅಲ್ವಾ? ಈ ನಾಲ್ಕು ಎಲ್ಲಿಂದ ಬಂತು?" ಎಂದು ದಿನಗಟ್ಟಲೆ ಹಟ ಹಿಡಿದರು. ಬಾಯಿಪಾಠ ಮಾಡಿ ಎಂದರೆ ಒಪ್ಪಲಿಲ್ಲ. ನಿದ್ದೆಗೆಟ್ಟು ಅವರ ಕಣ್ಣು ಕೆಂಪಾಗಿತ್ತು; ತರಗತಿಯ ಸಣ್ಣ ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ತಪ್ಪು ಬರೆದು ಬಂದಿದ್ದರು. "ನನ್ನ ತಲೆಗೂ ತುಕ್ಕು ಹಿಡಿದಿದೆ. ಬಿಟ್ಟುಬಿಡ್ತೀನಿ," ಎಂದು ಪುಸ್ತಕವನ್ನು ಗೋಡೆಯ ಮೇಲೆ ಬಡಿದರು.

ನಾನು ಹಾಜರಿ ಕರೆಯುವುದನ್ನು ನೆನಪಿಸಿದೆ. "ತರಗತಿಯಲ್ಲಿ ಹೆಸರು ಕೂಗ್ತೀನಿ. ಏನೂ ಓದಿರದ ಹುಡುಗನೂ 'ಇದ್ದೀನಿ ಸಾರ್' ಅಂತಾನೆ. ಅದು ನಾಲ್ಕು. ಉತ್ತರವೇ ಬರ್ಲಿಲ್ಲ ಅಂದ್ರೆ ಹುಡುಗನೇ ಇಲ್ಲ. ಅದು ಸೊನ್ನೆ. ಖಾಲಿ ತೊಟ್ಟಿಗೂ ಸೊನ್ನೆ, ಕಡಿದ ತಂತಿಗೂ ಸೊನ್ನೆ ಆದ್ರೆ, ತೊಟ್ಟಿ ಖಾಲಿಯೋ ತಂತಿ ಸತ್ತಿದೆಯೋ ಅಂತ ದೂರ ಕೂತೋರಿಗೆ ಹೇಗೆ ಗೊತ್ತಾಗ್ಬೇಕು?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೂ ನೋಡುತ್ತಿದ್ದರು. ಆಮೇಲೆ ಬಹಳ ಮೆಲ್ಲಗೆ ಹೇಳಿದರು: "ನನ್ನ ಕಿವಿಗೂ ಅಂಥದ್ದೊಂದು ನಾಲ್ಕು ಇಟ್ಟಿರ್ಬೇಕಾಗಿತ್ತು. ಈಗ ಮನೇಲಿ ಸದ್ದಿಲ್ವೋ, ನನಗೇ ಕೇಳಿಸ್ತಿಲ್ವೋ, ಒಂದೂ ತಿಳಿಯಲ್ಲ." ಆ ಪಾಠವನ್ನು ಅವರು ಮತ್ತೆ ಕೇಳಲಿಲ್ಲ.

ಲಿಖಿತ ಪರೀಕ್ಷೆ ಹೇಗೋ ದಾಟಿತು. ಉಳಿದದ್ದು ಕೊನೆಯ ಪರೀಕ್ಷೆ. ಇಬ್ಬಿಬ್ಬರ ಜೋಡಿ, ಒಬ್ಬರು ಕಂಟ್ರೋಲ್ ರೂಮಿನಲ್ಲಿ, ಇನ್ನೊಬ್ಬರು ಹೊರಗೆ ತೊಟ್ಟಿಯ ಬಳಿ, ನಡುವೆ ವಾಕಿಟಾಕಿ. ಡಾಕ್ಟರಿಗೆ ಜೋಡಿಯಾಗಿ ಬಂದದ್ದು ಪಂಪಕ್ಕ. ಅಂದು ಸಂಜೆ ಅವರು ಗೋಡೆಯ ಬಳಿ ಬಂದು ಸುದ್ದಿ ಹೇಳಿದರು. ವಾಕಿಟಾಕಿಯ ಗರಗರದಲ್ಲಿ ಆ ತೆಳ್ಳನೆ ದನಿ ತಮಗೆ ಒಂದಕ್ಷರವೂ ತಿಳಿಯದು ಎಂಬುದು ಅವರಿಗೆ ಗೊತ್ತಿತ್ತು. ಆಮೇಲೆ ಒಂದು ಉಪಾಯ ಕಂಡುಕೊಂಡರು. ಯಾರಾದರೂ ಮಾತಾಡಿದಾಗ ವಾಕಿಟಾಕಿಯ ನೆತ್ತಿಯ ಮೇಲೆ ಒಂದು ಹಸಿರು ದೀಪ ಮಿನುಗುತ್ತದೆ. ದೀಪ ಕಂಡೊಡನೆ ಬಲಗಿವಿಗೆ ಒತ್ತಿಕೊಂಡು, "ಇನ್ನೊಂದ್ಸಲ, ನಿಧಾನವಾಗಿ," ಎನ್ನುವುದು. ಅಷ್ಟು ಮಾಡಿದರೆ ಅರ್ಧಂಬರ್ಧ ತಿಳಿಯುತ್ತಿತ್ತು.

"ದೀಪ ತಪ್ಪಿದ್ರೆ?" ಎಂದು ಅವರ ಹೆಂಡತಿ ಕೇಳಿದರು.

"ಯಾಕೆ ತಪ್ಪುತ್ತೆ? ಕಣ್ಣಿಗೇನಾಗಿದೆ ನನಗೆ?" ಎಂದು ರೇಗಿದರು. ಅವರು ಹೆಂಡತಿಯ ಮೇಲೆ ರೇಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಪರೀಕ್ಷೆಯ ದಿನ ನಡೆದುದನ್ನು ಅವರಿಂದಲೂ ಆಮೇಲೆ ಪಂಪಕ್ಕನಿಂದಲೂ ಕೇಳಿದ್ದೇನೆ. ಇಬ್ಬರ ಮಾತೂ ಒಂದೇ ಆಗಿತ್ತು. ಅರೆದ ಜೋಳದಿಂದ ಬರುವ ಬಿಳಿ ಗಂಜಿಹಾಲಿನ ದೊಡ್ಡ ತೊಟ್ಟಿಯನ್ನು ಅರ್ಧ ಮಟ್ಟದಲ್ಲಿ ಕಾಯ್ದುಕೊಳ್ಳಬೇಕು, ಅದು ಇವರಿಗೆ ಕೊಟ್ಟ ಕೆಲಸ. ತೊಟ್ಟಿ ತುಂಬಿದರೆ ಕೂಗಬೇಕಾದ ಗಂಟೆಯನ್ನು ಹೊಸ ಪರದೆಗೆ ಇನ್ನೂ ಜೋಡಿಸಿರಲಿಲ್ಲ. ಅದಕ್ಕಾಗಿಯೇ ಹೊರಗೆ ಒಬ್ಬರು. ಅಧಿಕಾರಿ ಇವರನ್ನು ಕೂರಿಸಿ, ಇನ್ನೊಂದು ಜೋಡಿಯನ್ನು ನೋಡಲು ಹೋದರು.

ಮೊದಮೊದಲು ಪರದೆಯ ಮೇಲಿನ ಗೆರೆ ಸಣ್ಣಗೆ ತೂಗುತ್ತಿತ್ತು. ಡಾಕ್ಟರು ಬಚ್ಚಲಿನ ಪಾಠ ನೆನೆದು ಸ್ವಲ್ಪ ತಿದ್ದಿದರು, ಕಾದರು. ಬಲಗೈಗೆ ಮೌಸು ಬೇಕಾದುದರಿಂದ ವಾಕಿಟಾಕಿಯನ್ನು ಎಡಕ್ಕೆ, ಮೇಜಿನ ಮೇಲಿಟ್ಟರು. ಗೆರೆಯ ತೂಗಾಟ ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಅರ್ಧ ಮಟ್ಟದಲ್ಲಿ, ಸ್ಕೇಲು ಇಟ್ಟು ಎಳೆದಂತೆ ನೆಟ್ಟಗೆ.

ಕೈಚಕ್ರ ತಿರುಗಿಸಿ ತಿರುಗಿಸಿ, ನಡುಗುವ ಮುಳ್ಳನ್ನು ಒಂದು ಕಡೆ ನಿಲ್ಲಿಸಲು ಆಯುಷ್ಯ ಕಳೆದವರು ಅವರು. ಹಾಗೆ ನಿಂತ ಗೆರೆಯನ್ನು ಅವರು ಕಂಡದ್ದೇ ಇಲ್ಲ. "ಮೇಷ್ಟ್ರೇ, ನನ್ನ ಮದುವೆ ದಿನ ಕೂಡ ಅಷ್ಟು ಖುಷಿ ಆಗಿರ್ಲಿಲ್ಲ," ಎಂದರು ನನಗೆ. "ಇನ್ನು ನನ್ನನ್ನ ಯಾರೂ ಕಳಿಸೋಕಾಗಲ್ಲ ಅನ್ಕೊಂಡೆ. ಕಣ್ಣು ಆ ಗೆರೆ ಬಿಟ್ಟು ಬರ್ಲಿಲ್ಲ."

ಗಂಜಿಹಾಲು ನಿಂತಲ್ಲಿ ತಳಕ್ಕಿಳಿದು ಗಟ್ಟಿಯಾಗುವ ವಸ್ತು. ಬುಡದ ಒತ್ತಡದಿಂದ ಮಟ್ಟ ಅಳೆಯುವ ಟ್ರಾನ್ಸ್‌ಮಿಟರಿಗೆ ತೊಟ್ಟಿಯಿಂದ ಹೋಗುವ ಸಣ್ಣ ಕೊಳವೆಯಲ್ಲಿ ಅದು ಹೆಪ್ಪುಗಟ್ಟಿತ್ತು. ಒಳಗೆ ಸಿಕ್ಕಿಕೊಂಡ ಒತ್ತಡವನ್ನೇ ಟ್ರಾನ್ಸ್‌ಮಿಟರು ಮತ್ತೆ ಮತ್ತೆ ಹೇಳುತ್ತಿತ್ತು. ತಂತಿ ಸತ್ತಿರಲಿಲ್ಲ, ಆದ್ದರಿಂದ ನಾಲ್ಕರ ಪಾಠವೂ ನೆರವಿಗೆ ಬರಲಿಲ್ಲ. ತೊಟ್ಟಿ ಮಾತ್ರ ತುಂಬುತ್ತಲೇ ಇತ್ತು.

ಹೊರಗೆ ಪಂಪಕ್ಕ ಕತ್ತೆತ್ತಿದಾಗ ತೊಟ್ಟಿಯ ಅಂಚಿನಿಂದ ಬಿಳಿ ಹಾಲು ಇಳಿಯುತ್ತಿತ್ತು. "ಡಾಕ್ಟ್ರೇ, ತೊಟ್ಟಿ ಉಕ್ತಿದೆ, ಒಳಗೆ ಬರೋದನ್ನ ನಿಲ್ಸಿ," ಎಂದು ಕೂಗಿದಳು. ಉತ್ತರವಿಲ್ಲ. ಮತ್ತೆ ಕೂಗಿದಳು, ಮತ್ತೆ. ಮೇಜಿನ ಎಡಕ್ಕೆ ಹಸಿರು ದೀಪ ತನ್ನಷ್ಟಕ್ಕೆ ಮಿನುಗಿ ಮಿನುಗಿ ಆರಿತು. ಕೊನೆಗೆ ಅವಳು ಓಡಿಹೋಗಿ ಕೈಚಕ್ರ ಮುಚ್ಚಲು ಕಬ್ಬಿಣದ ಮೆಟ್ಟಿಲು ಹತ್ತಿದಳು. ಮೆಟ್ಟಿಲ ಮೇಲೆಲ್ಲ ಗಂಜಿ. ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡೇ ಮತ್ತೆ ಹತ್ತಿ, ಇನ್ನೊಂದು ಕೈಯಿಂದ ಚಕ್ರ ಮುಚ್ಚಿದಳು.

ಮರುದಿನ ವಿಚಾರಣೆ. ಸಣ್ಣ ಕೋಣೆ, ಅಧಿಕಾರಿ, ಮ್ಯಾನೇಜರು, ಕೈಗೆ ಪಟ್ಟಿ ಕಟ್ಟಿಕೊಂಡ ಪಂಪಕ್ಕ, ಡಾಕ್ಟರು. ಅಂದು ಅಧಿಕಾರಿ ಬೋರ್ಡಿನ ಕಡೆ ತಿರುಗಿರಲಿಲ್ಲ, ಎದುರಿಗೇ ಕೂತಿದ್ದರು. "ಜೀವ ಇರೋ ತೊಟ್ಟಿ ಅಷ್ಟು ನೆಟ್ಟಗೆ ಗೆರೆ ಎಳೆಯಲ್ಲ. ಅಲ್ಲಾಡದೇ ಇದ್ರೆ ಉಪಕರಣದ ಮೇಲೆ ಅನುಮಾನ ಪಡ್ಬೇಕಾಗಿತ್ತು," ಎಂದರು. "ಇರ್ಲಿ, ಇದು ಹೊಸಬರೆಲ್ಲ ಮಾಡೋ ತಪ್ಪು, ಅದಕ್ಕೆ ನಿಮ್ಮನ್ನ ಫೇಲು ಮಾಡಲ್ಲ. ಆದ್ರೆ ಹೊರಗಿದ್ದೋರು ಕೂಗಿ ಹೇಳೋದು ನಿಯಮ. ಇವರು ಕೂಗಿದೆ ಅಂತಾರೆ. ನಿಮಗೆ ಕೂಗು ಬಂತಾ?"

ಪಂಪಕ್ಕ ಇವರ ಮುಖ ನೋಡಿದಳಂತೆ. ಹಳೆಯ ವಾಕಿಟಾಕಿಗಳು ಆಗಾಗ ಕೈಕೊಡುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. "ಬರಲಿಲ್ಲ" ಎಂದು ಇವರು ಹೇಳಿದರೆ ನಂಬದಿರಲು ಯಾರಿಗೂ ಕಾರಣವಿರಲಿಲ್ಲ. ಇವರ ಕುರ್ಚಿ ಉಳಿಯುತ್ತಿತ್ತು; ಕೂಗು ಮುಟ್ಟಿತೇ ಎಂದು ನೋಡಿಕೊಳ್ಳುವುದು ಹೊರಗಿದ್ದವರ ಹೊಣೆಯಾದ್ದರಿಂದ ಅವಳದು ಹೋಗುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಇವರಿಗೆ ಏನೂ ಕೇಳಿಸಿರಲಿಲ್ಲವಲ್ಲ.

"ನಾಲಿಗೆ ತುದಿಗೆ ಬಂದಿತ್ತು ಮೇಷ್ಟ್ರೇ," ಎಂದರು ನನಗೆ. "ಮನೆ ನೆನಪಾಯ್ತು, ಹೆಂಡ್ತಿ ನೆನಪಾದ್ಲು. ಆಮೇಲೆ ನಿಮ್ಮ ಹಾಜರಿ ನೆನಪಾಯ್ತು."

ಅವರು ಅಧಿಕಾರಿಗೆ ಹೇಳಿದ್ದು ಇಷ್ಟು: "ಕೂಗು ಬರ್ಲಿಲ್ಲ ಅಂತ ನಾನು ಹೇಳೋ ಹಾಗಿಲ್ಲ ಸಾರ್. ಕೂಗಿರ್ತಾಳೆ. ನನಗೆ ಕಿವಿ ಕೇಳಿಸಲ್ಲ. ತುಂಬಾ ದಿನ ಆಯ್ತು."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ, ಅಥವಾ ಮಾತಾಡಿದ್ದು ಇವರಿಗೆ ತಿಳಿಯಲಿಲ್ಲ. ಪಂಪಕ್ಕ ಅಳುತ್ತಿದ್ದುದು ಮಾತ್ರ ಕಾಣಿಸಿತು.

ಅಧಿಕಾರಿ ತಮ್ಮಿಂದಾದಷ್ಟು ಇವರ ಪರವಾಗಿ ಮಾತಾಡಿದರು. ಈ ಕಿವುಡು ಕಾರ್ಖಾನೆಯ ಗದ್ದಲದಿಂದಲೇ ಬಂದದ್ದೆಂದು ಮೇಲಿನವರಿಗೆ ಬರೆಯುತ್ತೇನೆ ಎಂದರು. ಬರೆದರೋ ಇಲ್ಲವೋ, ಉತ್ತರ ಬಂದದ್ದನ್ನು ನಾನು ಕಾಣೆ. ಕೂಗು ಕೇಳಿಸದವರನ್ನು ಆ ಕುರ್ಚಿಯಲ್ಲಿ ಕೂರಿಸುವಂತಿಲ್ಲ ಎಂಬುದಕ್ಕೆ ಡಾಕ್ಟರೇ ಎದುರಾಡಲಿಲ್ಲ. ಆ ತಿಂಗಳು ಮುಗಿಯುತ್ತಲೇ ಅವರು ಸ್ಕ್ರೂಡ್ರೈವರನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಬಂದರು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬೆಳಿಗ್ಗೆ ಕೆಲಸದ ಹೊತ್ತಿಗೆ ಬಟ್ಟೆ ಹಾಕಿಕೊಂಡು ಸಿದ್ಧರಾಗುವರು. ಬಾಗಿಲವರೆಗೆ ಹೋಗಿ ಮತ್ತೆ ಒಳಗೆ ಬರುವರು. ಕಾವಲುಗಾರನ ಕೆಲಸ ಕೇಳಿಕೊಂಡು ಹೋದ ಕಡೆ, "ಕಳ್ಳ ಬಂದ ಸದ್ದು ಕೇಳಿಸ್ಬೇಕಲ್ಲ ಯಜಮಾನ್ರೇ," ಎಂದು ನಕ್ಕು ಕಳಿಸಿದರಂತೆ. ಗೋಡೆಯ ಬಳಿ ಬರುವುದನ್ನೂ ಕಡಿಮೆ ಮಾಡಿದರು. ನಾನು ಕರೆದರೆ ಕೇಳಿಸದು. ಒಳಗೆ ಹೋಗಿ ಕರೆಯಲು ಸಂಕೋಚ. ಅವರ ಹೆಂಡತಿ ಅಕ್ಕಪಕ್ಕದವರ ಬಟ್ಟೆ ಹೊಲಿಯತೊಡಗಿದರು. ಹೊಲಿಗೆ ಯಂತ್ರದ ಸದ್ದು ಹಗಲೆಲ್ಲ ನಮ್ಮ ಮನೆಗೆ ಕೇಳುತ್ತಿತ್ತು. ಅದೇ ಕೋಣೆಯಲ್ಲಿ ಕೂತಿದ್ದ ಅವರಿಗೆ ಕೇಳುತ್ತಿರಲಿಲ್ಲ.

ಒಂದು ರಜೆಯ ದಿನ ಪಂಪಕ್ಕ ಬಂದಳು. ಕೈಯ ಪಟ್ಟಿ ಬಿಚ್ಚಿತ್ತು. ಡಾಕ್ಟರು ಅಂದು ಗೋಡೆಗೆ ಮೊಣಕೈ ಊರಿ ನನ್ನ ಕಡೆ ಮುಖ ಮಾಡಿ ನಿಂತಿದ್ದರು. ಅವಳು ಕರೆಯಲಿಲ್ಲ, ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅವರು ತಿರುಗಿದರು. ಅವಳು ಗೋಡೆಗೆ ಬೆನ್ನು ಕೊಟ್ಟು ಅವರ ಎದುರು ನಿಂತು, ತುಟಿ ಕಾಣುವಂತೆ ಮಾತಾಡಿದಳು.

"ಅಣ್ಣಾ, ಈಗ ಹೊಸ ನಿಯಮ ಮಾಡಿದಾರೆ. ಏನೂ ವಿಷಯ ಇಲ್ದಿದ್ರೂ ಆಗಾಗ ವಾಕಿಟಾಕಿಯಲ್ಲಿ 'ಇದ್ದೀನಿ' ಅಂತ ಹೇಳ್ತಿರ್ಬೇಕು. ಹೇಳ್ಲಿಲ್ಲ ಅಂದ್ರೆ ಪಂಪು ನಿಲ್ಸಿ ಓಡಿ ಬರ್ಬೇಕು. ನಿಮ್ಮಿಂದ ಆದದ್ದು."

"ಚೆನ್ನಾಗಿದೆ," ಎಂದರು. ಆಮೇಲೆ, "ನನ್ನ ಕುರ್ಚಿಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

"ಇನ್ನೂ ಯಾರೂ ಇಲ್ಲ. ಖಾಲಿ."

"ಖಾಲಿ ಅಂತ ತಿಳೀತಲ್ಲ, ಅಷ್ಟಾದ್ರೂ ಇರ್ಲಿ," ಎಂದು ನಕ್ಕರು. ನಗುತ್ತಿದ್ದವರು ನಮ್ಮ ಮುಖಗಳನ್ನು ನೋಡಿ ನಿಲ್ಲಿಸಿದರು. ನಾವು ಅವರ ಹಿಂದೆ, ಅವರ ಮನೆಯ ಮೇಲೆ ನೋಡುತ್ತಿದ್ದೆವು. ಮಾಳಿಗೆಯ ತೊಟ್ಟಿ ಉಕ್ಕಿ, ಗೋಡೆಯುದ್ದಕ್ಕೂ ನೀರು ಇಳಿಯುತ್ತಿತ್ತು. ಹೊಲಿಗೆಯಲ್ಲಿ ಮುಳುಗಿದ್ದ ಹೆಂಡತಿ ಮೋಟಾರು ಮರೆತಿದ್ದರು; ಮಾತಿನ ಭರದಲ್ಲಿ ನಾವೂ ಆ ಸದ್ದಿಗೆ ಕಿವಿಗೊಟ್ಟಿರಲಿಲ್ಲ. ಪಂಪಕ್ಕ ಒಳಗೆ ಓಡಿ ಸ್ವಿಚ್ಚು ಆರಿಸಿದಳು.

ಡಾಕ್ಟರು ಒದ್ದೆ ಗೋಡೆಯನ್ನು ನೋಡುತ್ತ ನಿಂತರು. ನೀರು ಅವರ ಚಪ್ಪಲಿಯವರೆಗೆ ಹರಿದು ಬಂದಿತ್ತು.

"ಆವಾಗಿನಿಂದ ಬೀಳ್ತಿತ್ತಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ಮೇಷ್ಟ್ರೇ," ಎಂದರು, "ನಿಮ್ಮ ತೊಟ್ಟಿಯಲ್ಲಿರೋ ತೇಲುಗುಂಡು ಯಾವ ಅಂಗಡಿಯಲ್ಲಿ ತಂದದ್ದು?"